‘4ಜಿ ಓನ್ಲಿ’ ಆಪ್ ಹಾಕಿದ ಮೇಲೆ ಅಪ್ಪನ ಫೋನಿಗೆ ಕಾಲೇ ಬರ್ತಿಲ್ಲ, ಏನ್ಮಾಡ್ಲಿ?

ಪ್ರಶ್ನೆ: ಸರ್ ನಮಸ್ಕಾರ. ನಮ್ಮನೆ ಇರೋದು ಶಿರಸಿಯಿಂದ ಒಂದಿಪ್ಪತ್ತು ಕಿಲೋಮೀಟರ್ ಒಳಗೆ, ಅಡಿಕೆ ತೋಟ ಇದೆ, ಊರಲ್ಲಿ ಅಪ್ಪ ಅಮ್ಮ ಇಬ್ರೇ, ನಾನು ಬೆಂಗ್ಳೂರಲ್ಲಿ ಕೆಲ್ಸದಲ್ಲಿದೀನಿ. ಅಪ್ಪನ ಹತ್ರ ಇರೋದು 2019ರಲ್ಲಿ ತಗೊಂಡ 4ಜಿ ಫೋನು. ಅದು ಯಾವಾಗ್ಲೂ ‘ಇ’ ಅಂತ ತೋರಿಸ್ತಿತ್ತು, ವಾಟ್ಸಾಪಲ್ಲಿ ಒಂದು ಫೋಟೋನೂ ಓಪನ್ ಆಗ್ತಿರ್ಲಿಲ್ಲ. ಹೋದ್ಸಲ ಊರಿಗೆ ಹೋದಾಗ ಯೂಟ್ಯೂಬ್ ನೋಡಿ ‘4ಜಿ ಓನ್ಲಿ’ ಆಪ್ ಹಾಕಿಕೊಟ್ಟು ಬಂದೆ. ಈಗ ನೆಟ್ ಚೆನ್ನಾಗಿದೆ, ವಾಟ್ಸಾಪ್ ಕಾಲೂ ಬರತ್ತೆ, ಆದ್ರೆ ಮಾಮೂಲಿ ಕಾಲ್ ಮಾಡಿದ್ರೆ ಸ್ವಿಚ್ ಆಫ್ ಅಥ್ವಾ ನಾಟ್ ರೀಚಬಲ್ ಅಂತ ಬರತ್ತೆ. ಅಂಗಡಿಯೋನು 5ಜಿ ಸಿಮ್ ಹಾಕ್ಸಿ ಅಂತಾನೆ, ಪಕ್ಕದ್ಮನೆಯೋರು ಗುಡ್ಡದ ಮೇಲೆ 5ಜಿ ಟವರ್ ಬಂದಿದ್ದೇ ಇದಕ್ಕೆಲ್ಲ ಕಾರಣ ಅಂತಾರೆ. ಇನ್ನೊಂದು, ಬೋರ್‌ವೆಲ್‌ಗೆ ಮೊಬೈಲ್ ಸ್ಟಾರ್ಟರ್ ಹಾಕ್ಸಿದೀವಿ, 2ಜಿ ಇನ್ನೇನು ಬಂದ್ ಆಗತ್ತಂತೆ, ಅದನ್ನೂ ಬದ್ಲಾಯಿಸ್ಬೇಕಾ? ಈ ಜಿ-ಗಳ ಗಲಾಟೆ ನೋಡ್ಕೊಳೋಕೆ ಕಂಪ್ನಿಯೋರ ಹತ್ರ ಸಾಫ್ಟ್‌ವೇರ್ ಇರಲ್ವಾ ಸರ್?

ಉತ್ತರ:

ಮೊದ್ಲು ಒಂದು ಕೆಲ್ಸ ಮಾಡಿ, ಉಳಿದಿದ್ದು ಆಮೇಲೆ ಓದಿ. ಅಪ್ಪಂಗೆ ವಾಟ್ಸಾಪ್ ಕಾಲ್ ಮಾಡಿ, ಸೆಟ್ಟಿಂಗ್ಸಲ್ಲಿ ಮೊಬೈಲ್ ನೆಟ್‌ವರ್ಕ್ ಅನ್ನೋದಕ್ಕೆ ಹೋಗಿ ನೆಟ್‌ವರ್ಕ್ ಟೈಪನ್ನ ಆಟೋಗೆ ಇಡೋಕೆ ಹೇಳಿ (4ಜಿ, 3ಜಿ, 2ಜಿ ಮೂರೂ ಒಟ್ಟಿಗೆ ಇರೋ ಆಯ್ಕೆ), ಫೋನ್ ಒಂದ್ಸಲ ಆಫ್ ಮಾಡಿ ಆನ್ ಮಾಡ್ಲಿ. ಕಾಲ್ ಬರೋಕೆ ಶುರುವಾಗತ್ತೆ. ನೆಟ್ ಮತ್ತೆ ‘ಇ’ (ಅಂದ್ರೆ 2ಜಿ ನೆಟ್) ಆಗ್ಬಹುದು, ಆಗ್ಲಿ ಬಿಡಿ, ಅದಕ್ಕೆ ಬೇರೆ ದಾರಿ ಕೆಳಗೆ ಹೇಳ್ತೀನಿ. ವಯಸ್ಸಾದೋರು ಇಬ್ರೇ ಇರೋ ಮನೇಲಿ ಕಾಲ್ ಹೋಗದೆ ಇರೋದಕ್ಕಿಂತ ಫೋಟೋ ಓಪನ್ ಆಗದೆ ಇರೋದು ವಾಸಿ.

ನಾನು 18 ವರ್ಷ ರೇಡಿಯೋ ಆಪ್ಟಿಮೈಸೇಶನ್ ಕೆಲ್ಸದಲ್ಲಿದ್ದೋನು, ಅಂದ್ರೆ ಟವರ್‌ಗಳ ಪ್ಯಾರಾಮೀಟರ್ (ಟವರ್ ಹೇಗೆ ನಡ್ಕೋಬೇಕು ಅನ್ನೋ ಸೆಟ್ಟಿಂಗ್ ನಂಬರ್‌ಗಳು) ತಿದ್ದೋ ಕೆಲ್ಸ. ನಿಮ್ಮ ಪ್ರಶ್ನೆ ಓದ್ದಾಗ ನಗು ಬಂತು, ಯಾಕಂದ್ರೆ ಇದೇ ಆಪ್ ನಮ್ಮ ಅಕ್ಕನ ಮಗ ನಮ್ಮಮ್ಮನ ಫೋನಿಗೂ ಹಾಕಿದ್ದ, ಎರಡು ದಿನ ನಂಗೂ ಗೊತ್ತಾಗ್ಲಿಲ್ಲ.

ಈ ಆಪ್ ಮಾಡೋದು ಇಷ್ಟೇ. ಆಂಡ್ರಾಯ್ಡ್ ಫೋನ್‌ಗಳಲ್ಲಿ ಟೆಸ್ಟಿಂಗ್‌ಗೆ ಅಂತ ಒಂದು ಗುಪ್ತ ಮೆನು ಇರತ್ತೆ, ಡಯಲ್ ಪ್ಯಾಡಲ್ಲಿ *#*#4636#*#* ಒತ್ತಿದ್ರೆ ಎಷ್ಟೋ ಫೋನಲ್ಲಿ ತೆರ್ಕೊಳತ್ತೆ, ಆಪ್ ನಿಮ್ಮನ್ನ ಸೀದಾ ಆ ಮೆನುಗೆ ಕರ್ಕೊಂಡು ಹೋಗತ್ತೆ ಅಷ್ಟೇ, ಮಧ್ಯೆ ನಾಲ್ಕು ಜಾಹೀರಾತು ತೋರಿಸಿ. ಅಲ್ಲಿ ‘ಎಲ್‌ಟಿಇ ಓನ್ಲಿ’ (ಎಲ್‌ಟಿಇ ಅಂದ್ರೆ 4ಜಿನೇ) ಅಂತ ಆರಿಸಿದ್ರೆ ಸಿಗ್ನಲ್ ಜಾಸ್ತಿಯೇನೂ ಆಗಲ್ಲ. ಕೆಳಗೆ ಇಳಿಯೋ ಬಾಗ್ಲು ಮುಚ್ಚತ್ತೆ.

ಆ ಬಾಗ್ಲು ಯಾಕೆ ಬೇಕು ಅಂದ್ರೆ, 4ಜಿ ಹುಟ್ಟಿದ್ದೇ ಡೇಟಾಗೋಸ್ಕರ. 2ಜಿ, 3ಜಿಯಲ್ಲಿ ಕಾಲ್‌ಗೆ ಅಂತಾನೇ ಬೇರೆ ದಾರಿ ಇತ್ತು, 4ಜಿಯಲ್ಲಿ ಅದು ಇಲ್ಲ. ಅದಕ್ಕೆ ಎರಡು ಉಪಾಯ ಮಾಡಿದ್ರು. ಒಂದು, ಕಾಲ್ ಬಂದಾಗ ಫೋನನ್ನ ತಾತ್ಕಾಲಿಕವಾಗಿ 2ಜಿ ಅಥವಾ 3ಜಿಗೆ ಇಳಿಸಿ, ಮಾತು ಮುಗಿದ ಮೇಲೆ ವಾಪಸ್ ಹತ್ತಿಸೋದು, ನಮ್ಮ ಭಾಷೇಲಿ ಫಾಲ್‌ಬ್ಯಾಕ್. ಎರಡ್ನೇದು ವೋಲ್ಟಿ, ಅಂದ್ರೆ ಮಾತನ್ನೂ ಡೇಟಾ ಥರಾನೇ 4ಜಿ ಮೇಲೇ ಕಳ್ಸೋದು. 2016ರ ಸೆಪ್ಟೆಂಬರಲ್ಲಿ ಬಂದ ಜಿಯೋಗೆ 2ಜಿ, 3ಜಿ ಎರಡೂ ಇಲ್ಲ, ಹಾಗಾಗಿ ಅವ್ರಿಗೆ ಮೊದಲ ದಿನದಿಂದ್ಲೂ ವೋಲ್ಟಿ ಬಿಟ್ಟು ಗತಿ ಇರ್ಲಿಲ್ಲ. ಉಳಿದೋರಿಗೆ ಕೆಳಗೆ 2ಜಿ ಇತ್ತು, ನಿಧಾನಕ್ಕೆ ವೋಲ್ಟಿಗೆ ಬಂದ್ರು.

ನಿಮ್ಮಪ್ಪನ ಫೋನಲ್ಲಿ ಒಂದೋ ವೋಲ್ಟಿ ಆಫ್ ಆಗಿದೆ ಅಥವಾ ಆ ಕಂಪ್ನಿಗೆ ಬೇಕಾದ ಸೆಟ್ಟಿಂಗ್ ಆ ಫೋನಿನ ಸಾಫ್ಟ್‌ವೇರಲ್ಲಿ ಇಲ್ಲ. ಇಷ್ಟು ದಿನ ಅದು ಫಾಲ್‌ಬ್ಯಾಕ್ ನಂಬ್ಕೊಂಡು ಬದುಕ್ತಾ ಇತ್ತು, ನೀವು ಆ ಬಾಗ್ಲಿಗೆ ಚಿಲ್ಕ ಹಾಕಿದ್ರಿ. ಈಗ ಫೋನು ನೆಟ್‌ವರ್ಕ್‌ಗೆ ‘ನಾನು ಡೇಟಾಗೆ ಮಾತ್ರ ಇದೀನಿ’ ಅಂತ ಹೇಳ್ಕೊಂಡಿದೆ, ಕಾಲ್ ಬಂದಾಗ ನೆಟ್‌ವರ್ಕ್ ಹುಡುಕತ್ತೆ, ಕಾಲ್ ಕಡೆಯ ಪಟ್ಟೀಲಿ ಈ ನಂಬರೇ ಇಲ್ಲ, ನಾಟ್ ರೀಚಬಲ್ ಅಂತ ಹೇಳತ್ತೆ. ವಾಟ್ಸಾಪ್ ಡೇಟಾ ಮೇಲೆ ಓಡತ್ತಲ್ಲ, ಅದಕ್ಕೆ ಅದು ನಡೀತಾನೇ ಇರತ್ತೆ. ಇದೇ ಮೋಸ ಮಾಡೋದು, ಮೇಲೆ 4ಜಿ ಅಂತ ಫುಲ್ ಕಡ್ಡಿ ಇದೆ, ನೆಟ್ ಇದೆ, ಅಪ್ಪಂಗೆ ತನ್ನ ಫೋನ್ ಸತ್ತಿದೆ ಅಂತ ಅನ್ಸೋದೇ ಇಲ್ಲ, ಮಗ ಯಾಕೋ ಕಾಲ್ ಮಾಡ್ಲಿಲ್ಲ ಅನ್ಕೊಂಡು ಕೂತಿರ್ತಾರೆ.

ವೋಲ್ಟಿ ಇದೆಯೋ ಇಲ್ವೋ ನೋಡೋದು ಸುಲಭ. ಆಟೋಗೆ ಇಟ್ಟ ಮೇಲೆ, ಮೇಲೆ 4ಜಿ ತೋರಿಸ್ತಿರೋ ಜಾಗದಲ್ಲಿ ನಿಂತು ಒಂದು ಕಾಲ್ ಮಾಡೋಕೆ ಹೇಳಿ, ಮಾತಾಡ್ತಾ ಇರೋವಾಗ 4ಜಿ ಅನ್ನೋದು ಹಾಗೇ ಇದ್ರೆ ವೋಲ್ಟಿ ಇದೆ, ‘ಇ’ ಆದ್ರೆ ಇಳೀತಿದೆ ಅಂತ ಅರ್ಥ. ಇಳೀತಿದ್ರೆ ಸಿಮ್ ಸೆಟ್ಟಿಂಗ್ಸಲ್ಲಿ ವೋಲ್ಟಿ ಅಥವಾ 4ಜಿ ಕಾಲಿಂಗ್ ಅನ್ನೋ ಬಟನ್ ಇದೆಯಾ ನೋಡಿ, ಆನ್ ಮಾಡಿ. ಬಟನ್ನೇ ಇಲ್ಲ ಅಂದ್ರೆ ಫೋನಿನ ಸಾಫ್ಟ್‌ವೇರ್ ಅಪ್‌ಡೇಟ್ ಬಾಕಿ ಇದೆಯಾ ನೋಡಿ, ಯಾಕಂದ್ರೆ ಈ ಕಂಪ್ನಿ ನೆಟ್‌ವರ್ಕಲ್ಲಿ ಹೀಗೆ ನಡ್ಕೋಬೇಕು ಅನ್ನೋ ಸಣ್ಣ ಫೈಲು ಅಪ್‌ಡೇಟ್ ಜೊತೇಲೇ ಬರೋದು. ಇದು ಹಳೇ ಫೋನಿನ ಹಣೆಬರಹ ಅಷ್ಟೇ ಅಲ್ಲ. 2022ರ ಅಕ್ಟೋಬರ್ 1ಕ್ಕೆ ನಮ್ಮ ದೇಶದಲ್ಲಿ 5ಜಿ ಉದ್ಘಾಟನೆ ಆಯ್ತಲ್ಲ, ಲಕ್ಷ ರೂಪಾಯಿ ಐಫೋನ್ ಇಟ್ಕೊಂಡೋರಿಗೂ ಡಿಸೆಂಬರಲ್ಲಿ 16.2 ಅಪ್‌ಡೇಟ್ ಬರೋವರೆಗೂ 5ಜಿ ಸಿಗ್ಲಿಲ್ಲ. ಹಾರ್ಡ್‌ವೇರ್ ಇತ್ತು, ಟವರ್ ಇತ್ತು, ಮಧ್ಯೆ ಆ ಸಾಫ್ಟ್‌ವೇರ್ ಒಪ್ಪಿಗೆ ಇರ್ಲಿಲ್ಲ.

ಈಗ ಸಿಮ್ ವಿಷ್ಯ. ಅಂಗಡಿಯೋನು ಹೇಳಿದ್ದು ನಿಮ್ಮ ಕೇಸಲ್ಲಿ ತಪ್ಪು. ತುಂಬ ಹಳೇ 2ಜಿ ಕಾಲದ ಸಿಮ್ ಆಗಿದ್ರೆ 4ಜಿ ಹತ್ತೋದೇ ಇಲ್ಲ, 4ಜಿ ಅದನ್ನ ಒಳಗೇ ಬಿಡಲ್ಲ. ನಿಮ್ಮಪ್ಪನ ಫೋನಲ್ಲಿ 4ಜಿ ನೆಟ್ ಓಡ್ತಿದೆ ಅಂದ್ಮೇಲೆ ಸಿಮ್ ಸರಿ ಇದೆ. ಬಿಎಸ್‌ಎನ್‌ಎಲ್‌ನ ಹಳೇ ಸಿಮ್ ಇಟ್ಕೊಂಡೋರು ಮಾತ್ರ ಹೋಗಿ 4ಜಿ ಸಿಮ್ ಮಾಡಿಸ್ಕೊಳ್ಳಿ, ಅವ್ರು ಸ್ವದೇಶಿ 4ಜಿಯನ್ನ 2025ರ ಸೆಪ್ಟೆಂಬರಲ್ಲಿ ದೇಶಾದ್ಯಂತ ಶುರು ಮಾಡಿದ್ದು. ಅದ್ರಲ್ಲೂ ಒಂದು ಸೂಕ್ಷ್ಮ ಇದೆ, ಅವ್ರ 4ಜಿಗೆ 700 ಮೆಗಾಹರ್ಟ್ಸ್ ಬ್ಯಾಂಡೂ (ಬ್ಯಾಂಡ್ ಅಂದ್ರೆ ಸಿಗ್ನಲ್ ಓಡಾಡೋ ಫ್ರೀಕ್ವೆನ್ಸಿ) ಇದೆ, ಕಾಡು ಗುಡ್ಡಕ್ಕೆ ಹೇಳಿ ಮಾಡ್ಸಿದ ಬ್ಯಾಂಡು ಅದು, ಆದ್ರೆ ಎಷ್ಟೋ ಹಳೇ 4ಜಿ ಫೋನ್‌ಗಳಿಗೆ ಆ ಬ್ಯಾಂಡ್ (ಬ್ಯಾಂಡ್ 28 ಅಂತಾರೆ) ಕೇಳ್ಸೋದೇ ಇಲ್ಲ. ಸಿಮ್ ಬದ್ಲಾಯಿಸಿದ್ರೂ ಏನೂ ಆಗ್ಲಿಲ್ಲ ಅಂತ ಬೈಯ್ಯೋರಲ್ಲಿ ಒಂದಷ್ಟು ಜನ ಇವ್ರೇ. ‘ನಿಮ್ಮ ಸಿಮ್ ಇವತ್ತು ರಾತ್ರಿ ಬಂದ್ ಆಗತ್ತೆ, 5ಜಿಗೆ ಅಪ್‌ಗ್ರೇಡ್ ಮಾಡೋಕೆ ಈ ಲಿಂಕ್ ಒತ್ತಿ’ ಅಂತ ಬರೋ ಮೆಸೇಜು ಫೋನ್ ಕಾಲು ಎಲ್ಲಾ ಕಳ್ಳರದ್ದು, ಇದನ್ನ ಅಪ್ಪಂಗೆ ಒಂದ್ಸಲ ಹೇಳಿಡಿ.

5ಜಿ ಟವರ್‌ನಿಂದ ಕಾಲ್ ಹಾಳಾಯ್ತು ಅನ್ನೋದೂ ಹಾಗೇ. 5ಜಿ ಬೇರೆ ಬ್ಯಾಂಡಲ್ಲಿ ಓಡತ್ತೆ, ಅಪ್ಪನ 4ಜಿ ಫೋನಿಗೆ ಅದು ಇರೋದೂ ಗೊತ್ತಾಗಲ್ಲ. ಆದ್ರೆ ಪಕ್ಕದ್ಮನೆಯೋರು ಹೇಳೋದ್ರಲ್ಲಿ ಒಂದು ಎಳೆ ನಿಜ ಇರ್ಬಹುದು. ಹೊಸ ಟವರ್ ಬಂದಾಗ, ಹೊಸ ಲೇಯರ್ (ಇದ್ದ ಟವರಲ್ಲೇ ಇನ್ನೊಂದು ಜಿ ಅಥವಾ ಬ್ಯಾಂಡ್) ಆನ್ ಆದಾಗ, ಸುತ್ತಲಿನ ಟವರ್‌ಗಳ ಪ್ಯಾರಾಮೀಟರ್ ಎಲ್ಲಾ ಮತ್ತೆ ತಿದ್ಬೇಕು. ಅದನ್ನ ಅರ್ಧಂಬರ್ಧ ಮಾಡಿದ್ರೆ ಇದ್ದಿದ್ದೂ ಕೆಡತ್ತೆ.

ಇಲ್ಲಿಗೆ ನಿಮ್ಮ ಕೊನೇ ಪ್ರಶ್ನೆ ಬಂತು, ಇದನ್ನ ನೋಡ್ಕೊಳೋಕೆ ಸಾಫ್ಟ್‌ವೇರ್ ಇರಲ್ವಾ ಅಂತ. ಇರತ್ತೆ, ಧಂಡಿಯಾಗಿರತ್ತೆ. ಯಾವ ಫೋನು ಯಾವಾಗ ಯಾವ ಜಿ-ಗೆ ಹೋಗ್ಬೇಕು ಅಂತ ನಿರ್ಧಾರ ಮಾಡೋದೇ ಅದು. ಪ್ರತಿ ಟವರೂ ‘ನಮ್ಮಲ್ಲಿ 4ಜಿಗೆ ಇಷ್ಟು ಆದ್ಯತೆ, 2ಜಿಗೆ ಇಷ್ಟು’ ಅಂತ ಡಂಗುರ ಸಾರ್ತಾನೇ ಇರತ್ತೆ, ಆದ್ಯತೆ 0ಯಿಂದ 7ರವರೆಗೆ. ಜೊತೆಗೆ ಗಡಿ ನಂಬರ್‌ಗಳು. ಉದಾಹರಣೆಗೆ 4ಜಿ ಸಿಗ್ನಲ್ ಮೈನಸ್ 118 ಡಿಬಿಎಂಗಿಂತ (ಸಿಗ್ನಲ್ ಅಳೆಯೋ ಲೆಕ್ಕ, ಮೈನಸ್ ನಂಬರ್ ದೊಡ್ಡದಾದಷ್ಟೂ ಸಿಗ್ನಲ್ ಕಮ್ಮಿ) ಕೆಳಗೆ ಹೋದ್ರೆ 2ಜಿಗೆ ಇಳಿ, ಮತ್ತೆ ಮೈನಸ್ 112ಕ್ಕಿಂತ ಮೇಲೆ ಬಂದ್ರೆ ಮಾತ್ರ ಹತ್ತು ಅಂತ. ಮಧ್ಯದ ಆ 6ರ ಅಂತರ ಬೇಕೇ ಬೇಕು, ಇಲ್ದಿದ್ರೆ ಫೋನು ಹತ್ತೋದು ಇಳಿಯೋದು ಮಾಡ್ತಾನೇ ಇರತ್ತೆ, ಬ್ಯಾಟ್ರಿ ಮಧ್ಯಾಹ್ನಕ್ಕೇ ಖಾಲಿ, ಆ ದಾಟೋ ಕ್ಷಣದಲ್ಲಿ ಬಂದ ಕಾಲೂ ತಪ್ಪಿ ಹೋಗತ್ತೆ. ಅಂತರ ಜಾಸ್ತಿ ಇಟ್ರೆ ಇನ್ನೊಂದು ಕಷ್ಟ, ಒಂದ್ಸಲ 2ಜಿಗೆ ಇಳಿದ ಫೋನು ಅಲ್ಲೇ ಕೂತ್ಬಿಡತ್ತೆ, ಮೇಲೆ ಬಳಸೋ ಅಷ್ಟು 4ಜಿ ಇದ್ರೂ. ನಿಮ್ಮಪ್ಪನ ಫೋನು ಯಾವಾಗ್ಲೂ ‘ಇ’ ತೋರಿಸ್ತಿದ್ದಿದ್ದು ಬಹುಶಃ ಇದಕ್ಕೇ. ಆಪ್ ಹಾಕಿದ ಮೇಲೆ ನೆಟ್ ಚೆನ್ನಾಗಿ ಬಂತು ಅಂದ್ರಲ್ಲ, ಅಂದ್ರೆ ಅಲ್ಲಿ 4ಜಿ ಇತ್ತು, ಟವರ್‌ನ ನಂಬರ್‌ಗಳು ಫೋನನ್ನ ಅಲ್ಲಿಗೆ ಹೋಗೋಕೆ ಬಿಡ್ತಿರ್ಲಿಲ್ಲ. ಕಂಪ್ಲೇಂಟ್ ಕೊಡೋಕೆ ಇದೇ ನಿಮ್ಮ ಸಾಕ್ಷಿ.

ಈ ನಂಬರ್‌ಗಳನ್ನ ಸಾವಿರಾರು ಟವರ್‌ಗೆ ಕೈಯಲ್ಲಿ ಹಾಕೋಕಾಗಲ್ಲ ಅಂತ ‘ಸಾನ್’ ಅನ್ನೋ ಸ್ವಯಂಚಾಲಿತ ಸಾಫ್ಟ್‌ವೇರ್ ಬಂತು, 4ಜಿ ಜೊತೇಲೇ. ಯಾವ ಟವರ್‌ಗೆ ಯಾವುದು ನೆರೆಮನೆ ಅನ್ನೋದನ್ನ ಅದು ಫೋನ್‌ಗಳು ಕೊಡೋ ವರದಿ ನೋಡಿ ತಾನೇ ಕಲಿಯತ್ತೆ. ಬಯಲುಸೀಮೇಲಿ ಚಂದ ಕೆಲ್ಸ ಮಾಡತ್ತೆ. ಮಲೆನಾಡಲ್ಲಿ ಅದ್ರ ಬುದ್ಧಿ ಓಡಲ್ಲ ಸ್ವಾಮಿ. ಗುಡ್ಡದ ನೆತ್ತೀಲಿ ನಿಂತ್ರೆ ಕಣಿವೆ ಆಚೆಗಿನ ಟವರ್ ಜೋರಾಗಿ ಕೇಳ್ಸತ್ತೆ, ಸಾಫ್ಟ್‌ವೇರ್ ಅದನ್ನ ನೆರೆಮನೆ ಅಂತ ಬರ್ಕೊಳತ್ತೆ, ನೀವು ಮಾತಾಡ್ತಾ ನಾಲ್ಕು ಹೆಜ್ಜೆ ಇಳಿದ್ರೆ ಆ ಟವರ್ ಮಾಯ, ಕಾಲ್ ಕಟ್. ಇಂಥದ್ದನ್ನ ಸರಿ ಮಾಡೋಕೆ ಯಾರಾದ್ರೂ ಜೀಪಲ್ಲಿ ಟೆಸ್ಟ್ ಫೋನ್ ಇಟ್ಕೊಂಡು ಬರ್ಲೇಬೇಕು. ಬರೋದು ಕಮ್ಮಿ ಆಗಿದೆ ಅನ್ನೋದು ನನ್ನ ಬೇಜಾರು, ಆಫೀಸಿನ ಕಂಪ್ಯೂಟರಲ್ಲಿ ಡ್ಯಾಶ್‌ಬೋರ್ಡ್ ಹಸಿರಾಗಿದ್ರೆ ಸಾಕು ಅನ್ನೋ ಕಾಲ.

ಒಂದು ತಲೆಮಾರು ಮುಚ್ಚೋವಾಗ ಏನಾಗತ್ತೆ ಅನ್ನೋದಕ್ಕೆ ನನ್ನದೇ ಒಂದು ಅನುಭವ. ಕಂಪ್ನಿ ಹೆಸ್ರು ಬೇಡ. 3ಜಿ ಬಂದ್ ಮಾಡಿ ಆ ಸ್ಪೆಕ್ಟ್ರಮನ್ನ 4ಜಿಗೆ ಹಾಕೋ ಕೆಲ್ಸ, ರಾತ್ರಿ 1ರಿಂದ 4 ಗಂಟೆ ಒಳಗೆ, ಒಂದೊಂದು ತಾಲೂಕಾಗಿ. 3ಜಿ ಸೆಲ್‌ಗಳನ್ನ ಸ್ಕ್ರಿಪ್ಟ್ ಹಾಕಿ ಲಾಕ್ ಮಾಡಿದ್ವಿ, ಬೆಳಿಗ್ಗೆ ರಿಪೋರ್ಟ್ ನೋಡಿದ್ರೆ ಎಲ್ಲಾ ಸರಿ, ಡೇಟಾ ಸ್ಪೀಡ್ ಏರಿದೆ, ಕಾಲ್ ಡ್ರಾಪ್ ಇಲ್ಲ, ಮ್ಯಾನೇಜರ್ ಸ್ವೀಟ್ ತರಿಸಿದ್ರು. ಮೂರು ದಿನಕ್ಕೆ ಕಂಪ್ಲೇಂಟ್ ಶುರು, ಕಾಲ್ ಮಾಡಿದ್ರೆ ಎಷ್ಟೋ ಹೊತ್ತು ಸೈಲೆಂಟ್, ಆಮೇಲೆ ರಿಂಗ್ ಆಗತ್ತೆ, ಕೆಲವ್ಸಲ ಆಗೋದೇ ಇಲ್ಲ. ನೋಡಿದ್ರೆ 4ಜಿ ಟವರ್‌ನ ಫಾಲ್‌ಬ್ಯಾಕ್ ಪಟ್ಟೀಲಿ ಮೊದಲ ಸಾಲು ಇನ್ನೂ 3ಜಿ ಫ್ರೀಕ್ವೆನ್ಸಿನೇ ಇತ್ತು! ಕಾಲ್ ಬಂದಾಗ ಟವರ್ ಫೋನಿಗೆ ‘3ಜಿಗೆ ಹೋಗು’ ಅನ್ನತ್ತೆ, ಫೋನು ಹೋಗತ್ತೆ, ಅಲ್ಲಿ ಯಾರೂ ಇಲ್ಲ, ಹುಡುಕಿ ಹುಡುಕಿ ಸುಸ್ತಾಗಿ 2ಜಿಗೆ ಬರತ್ತೆ. ಅಷ್ಟ್ರಲ್ಲಿ ಕಾಲ್ ಮಾಡಿದೋರು ಇಟ್ಟಿರ್ತಾರೆ. ಮನೆ ಖಾಲಿ ಮಾಡಿದ ಮೇಲೂ ವಿಳಾಸ ಬದ್ಲಾಯಿಸ್ದೆ ಇದ್ದ ಹಾಗೆ. ನಮ್ಮ ಡ್ಯಾಶ್‌ಬೋರ್ಡಲ್ಲಿ ಇದು ಕಾಣ್ಲೇ ಇಲ್ಲ, ಯಾಕಂದ್ರೆ ಶುರುವಾಗದ ಕಾಲ್ ಡ್ರಾಪ್ ಲೆಕ್ಕಕ್ಕೆ ಬರಲ್ಲ.

ಇದಕ್ಕಿಂತ ದೊಡ್ಡ ಪಾಠ ಆಸ್ಟ್ರೇಲಿಯಾದ್ದು. ಅಲ್ಲಿನ ಮೊಬೈಲ್ ಕಂಪ್ನಿಗಳಾದ ಟೆಲ್‌ಸ್ಟ್ರಾ, ಆಪ್ಟಸ್ ಎರಡೂ 2024ರಲ್ಲಿ ಇನ್ನೂ ಮೊದ್ಲೇ 3ಜಿ ಮುಚ್ಬೇಕು ಅಂತಿದ್ದೋರು ಅಕ್ಟೋಬರ್ 28ಕ್ಕೆ ಮುಂದೂಡಿದ್ರು. ಕಾರಣ ಕೇಳಿದ್ರೆ ಆಶ್ಚರ್ಯ ಆಗತ್ತೆ, ಕೆಲವು 4ಜಿ ಫೋನ್‌ಗಳು ಮಾಮೂಲಿ ಕಾಲ್‌ಗಳನ್ನ ವೋಲ್ಟಿಯಲ್ಲೇ ಮಾಡ್ತಿದ್ವು, ಆದ್ರೆ ಅಲ್ಲಿನ ತುರ್ತು ನಂಬರ್ 000 ಒತ್ತಿದ್ರೆ ಮಾತ್ರ 3ಜಿಗೆ ಇಳಿಯೋ ಹಾಗೆ ಫೋನಿನ ಸಾಫ್ಟ್‌ವೇರಲ್ಲಿ ಬರ್ದಿತ್ತು. ದಿನಾ ಬಳಸೋನಿಗೆ ಗೊತ್ತಾಗೋ ಚಾನ್ಸೇ ಇಲ್ಲ, ಗೊತ್ತಾಗೋದು ಆಂಬುಲೆನ್ಸ್ ಬೇಕಾದ ದಿನ. ಅದಕ್ಕೆ ಅವ್ರು ಒಂದು ಸರಳ ವ್ಯವಸ್ಥೆ ಮಾಡಿದ್ರು, 3498ಕ್ಕೆ ‘3’ ಅಂತ ಮೆಸೇಜ್ ಹಾಕಿದ್ರೆ ನಿಮ್ಮ ಫೋನ್ ಉಳಿಯತ್ತೋ ಇಲ್ವೋ ಅಂತ ಉತ್ತರ ಬರ್ತಿತ್ತು. 000ಕ್ಕೆ ಹೋಗದ ಫೋನ್‌ಗಳನ್ನ ಆಮೇಲೆ ನೆಟ್‌ವರ್ಕಿಂದಾನೇ ಬ್ಲಾಕ್ ಮಾಡಿದ್ರು. ಮೆಲ್ಬರ್ನಲ್ಲೋ ಸಿಡ್ನಿಯಲ್ಲೋ ಮಗಳ ಮನೆಗೆ ಹೋಗೋ ಅಪ್ಪ ಅಮ್ಮಂದ್ರು ಇಲ್ಲಿನ ಫೋನ್ ತಗೊಂಡು ಹೋಗಿ ಅಲ್ಲಿನ ಸಿಮ್ ಹಾಕೋದಾದ್ರೆ ಇದನ್ನ ಮೊದ್ಲೇ ವಿಚಾರಿಸ್ಕೊಳ್ಳೋದು ಒಳ್ಳೇದು.

ಇನ್ನು ನಿಮ್ಮ ಸ್ಟಾರ್ಟರ್. 2ಜಿ ಇಂಥ ದಿನ ಬಂದ್ ಅಂತ ನಮ್ಮ ಸರ್ಕಾರ ದಿನಾಂಕ ಇಟ್ಟಿಲ್ಲ. 2ಜಿ ಮುಚ್ಬೇಕು ಅಂತ ಜಿಯೋ ಬಹಿರಂಗವಾಗೇ ಹೇಳ್ತಾ ಬಂದಿದೆ, ಏರ್‌ಟೆಲ್ 2019ರಲ್ಲಿ ಕೋಲ್ಕತ್ತಾದಿಂದ ಶುರು ಮಾಡಿ 3ಜಿ ಮುಚ್ಚಿದಾಗ್ಲೂ 2ಜಿ ಮುಟ್ಲಿಲ್ಲ, ಕೀಪ್ಯಾಡ್ ಫೋನ್ ಜನ ಅಲ್ಲೇ ಇದಾರಲ್ಲ. ಹಾಗಂತ ನಿಶ್ಚಿಂತೆಯಾಗಿರಿ ಅಂತ ಹೇಳಲ್ಲ. 2ಜಿ ಒಂದೇ ದಿನ ಸಾಯಲ್ಲ, ಸೊರಗತ್ತೆ. 2ಜಿಯ ಒಂದು ಕ್ಯಾರಿಯರ್ (ಸಿಗ್ನಲ್ ಹೋಗೋ ಒಂದು ದಾರಿ) ಅಂದ್ರೆ 200 ಕಿಲೋಹರ್ಟ್ಸ್, ಅದ್ರಲ್ಲಿ 8 ಸ್ಲಾಟ್, ಅಂದ್ರೆ ಸರದಿ ಮೇಲೆ ಕಾಲ್ ಹೋಗೋ ಜಾಗ. 4ಜಿಗೆ ಜಾಗ ಮಾಡೋಕೆ ಇವನ್ನ ಒಂದೊಂದಾಗಿ ಕಿತ್ಕೊಳ್ತಾ ಹೋಗ್ತಾರೆ, ಉಳಿದಿದ್ರಲ್ಲೇ ಎಲ್ರೂ ನೂಕಾಡ್ಬೇಕು. ಸಂಜೆ ಹೊತ್ತು ಸ್ಟಾರ್ಟರ್‌ಗೆ ಕಾಲ್ ಹೋಗಲ್ಲ, ಬೆಳಿಗ್ಗೆ ಹೋಗತ್ತೆ ಅನ್ನೋದು ಶುರುವಾದ್ರೆ ನಿಮ್ಮ ಟವರಲ್ಲಿ ಅದು ಆಗ್ತಿರ್ಬಹುದು.

ನಂಗೆ ಸ್ಟಾರ್ಟರ್ ಬಗ್ಗೆ ಜಾಸ್ತಿ ಚಿಂತೆ ಆಗೋಕೆ ಇನ್ನೊಂದು ಕಾರಣ ಇದೆ. ಮುಚ್ಚೋ ಮೊದ್ಲು ಕಂಪ್ನಿಯೋರು ಯಾವ ಟವರಲ್ಲಿ ಎಷ್ಟು ಹಳೇ ಫೋನ್ ಇದಾವೆ ಅಂತ ಲೆಕ್ಕ ತೆಗೀತಾರೆ. ಪ್ರತಿ ಫೋನಿಗೂ 15 ಅಂಕಿಯ ಐಎಂಇಐ ಇರತ್ತೆ, ಮೊದಲ 8 ಅಂಕಿ ನೋಡಿದ್ರೆ ಯಾವ ಮಾಡೆಲ್ ಅಂತ ಗೊತ್ತಾಗತ್ತೆ. ಆ ಪಟ್ಟಿ ನಾನೇ ಎಷ್ಟೋ ಸಲ ತೆಗ್ದಿದೀನಿ. ಅದನ್ನ ಜೋಡ್ಸೋದು ಬಳಕೆ ಮೇಲೆ, ಆದಾಯದ ಮೇಲೆ. ಪಂಪ್ ಸ್ಟಾರ್ಟರ್, ಅಂಗಡಿಯ ಕಾರ್ಡ್ ಉಜ್ಜೋ ಮಷಿನು, ಇವೆಲ್ಲ ದಿನಕ್ಕೆ ಎರಡು ಮಿಸ್ಡ್ ಕಾಲ್, ನಾಲ್ಕು ಮೆಸೇಜ್ ಅಷ್ಟೇ, ಪಟ್ಟಿಯ ಕೊಟ್ಟ ಕೊನೇಲಿ ಇರತ್ತೆ. ಮೀಟಿಂಗಲ್ಲಿ ಆ ಪುಟದವರೆಗೆ ಯಾರೂ ಸ್ಕ್ರೋಲ್ ಮಾಡಲ್ಲ. ಫೋನ್ ಇಟ್ಕೊಂಡೋನಿಗೆ ಮೆಸೇಜ್ ಹೋಗತ್ತೆ ‘ನಿಮ್ಮ ಹ್ಯಾಂಡ್‌ಸೆಟ್ ಬದಲಾಯಿಸಿ’ ಅಂತ, ಸ್ಟಾರ್ಟರ್‌ಗೆ ಹೋದ ಮೆಸೇಜನ್ನ ಯಾರು ಓದ್ತಾರೆ?

ಹಾಗಾಗಿ ಸ್ಟಾರ್ಟರ್ ಡಬ್ಬಿ ತೆಗೆದು ಒಳಗಿನ ಮಾಡ್ಯೂಲ್ ನೋಡೋಕೆ ಹೇಳಿ, ಮೆಕ್ಯಾನಿಕ್ ಬಂದಾಗ, ಮೈನ್ ಆಫ್ ಮಾಡ್ಸಿ. ‘ಸಿಮ್800’ ಅಥವಾ ‘ಸಿಮ್900’ ಅಂತ ಬರ್ದಿದ್ರೆ ಅದು ಬರೀ 2ಜಿ. ಈಗ ಓಡ್ತಿದ್ರೆ ಓಡ್ಲಿ, ಕೆಟ್ಟಾಗ ರಿಪೇರಿಗೆ ದುಡ್ಡು ಹಾಕ್ಬೇಡಿ, 4ಜಿ ಸ್ಟಾರ್ಟರ್ ತಗೊಳ್ಳಿ. ಹೊಸದು ತಗೊಳೋವಾಗ ಡಬ್ಬಿ ಮೇಲೆ 4ಜಿ ಅಂತ ಇದ್ರೆ ಸಾಲ್ದು. ಡೇಟಾ ಮಾತ್ರ 4ಜಿಯಲ್ಲಿ ಇದ್ದು ಕಾಲ್‌ಗೆ 2ಜಿಗೇ ಇಳಿಯೋ ಮಾಡ್ಯೂಲ್‌ಗಳೂ ಇವೆ, ಅಂದ್ರೆ ಅಪ್ಪನ ಫೋನಿನ ಕಥೆನೇ ಮತ್ತೆ ಶುರು. ಅಂಗಡೀಲೇ ಒಂದು ಜಿಯೋ ಸಿಮ್ ಹಾಕ್ಸಿ ಮಿಸ್ಡ್ ಕಾಲ್ ಕೊಟ್ಟು ನೋಡಿ. ಅವ್ರ ಹತ್ರ 2ಜಿನೇ ಇಲ್ವಲ್ಲ, ಆ ಸಿಮ್ಮಲ್ಲಿ ಕಾಲ್ ಎತ್ತಿದ್ರೆ ವೋಲ್ಟಿ ಇದೆ ಅಂತಾನೇ ಅರ್ಥ.

ಅಪ್ಪನ ಫೋನಿಗೆ ವಾಪಸ್ ಬಂದ್ರೆ, ಮನೇಲಿ ಫೈಬರ್ ಇಂಟರ್ನೆಟ್ ಇದ್ರೆ (ನಿಮ್ಮ ಕಡೆ ತುಂಬ ಜನ ಹಾಕ್ಸಿದಾರೆ) ವೈಫೈ ಕಾಲಿಂಗ್ ಆನ್ ಮಾಡ್ಸಿ. ಏರ್‌ಟೆಲ್, ಜಿಯೋದಲ್ಲಿ 2019-20ರಿಂದ ಇದೆ, ಅದೇ ನಂಬರ್, ಬೇರೆ ಆಪ್ ಬೇಡ, ಟವರ್ ಹಂಗೇ ಬೇಡ. ತೊಂದ್ರೆ ಏನಂದ್ರೆ ಕರೆಂಟ್ ಹೋದ್ರೆ ವೈಫೈನೂ ಹೋಗತ್ತೆ, ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟ್ ಕಥೆ ನಂಗೆ ನೀವು ಹೇಳೋದು ಬೇಡ. ಅದಕ್ಕೊಂದು ಸಣ್ಣ ಯುಪಿಎಸ್ ಇಡಿ. ಫೋನಿಗೆ ವೋಲ್ಟಿ ಬರೋದೇ ಇಲ್ಲ ಅಂತಾದ್ರೆ ಫೋನ್ ಬದ್ಲಾಯಿಸಿ, 5ಜಿನೇ ಆಗ್ಬೇಕು ಅಂತಿಲ್ಲ, ವೋಲ್ಟಿ ಇರೋ 4ಜಿ ಸಾಕು, ಅಪ್ಪಂಗೆ ಕೀಪ್ಯಾಡ್ ಇಷ್ಟ ಇದ್ರೆ ವೋಲ್ಟಿ ಇರೋ ಕೀಪ್ಯಾಡ್ ಫೋನೂ ಸಿಗತ್ತೆ.

‘4ಜಿ ಓನ್ಲಿ’ ಮಾತ್ರ ಆಮೇಲೂ ಬೇಡ, ವೋಲ್ಟಿ ಇದ್ರೂ ಬೇಡ. ಕರೆಂಟ್ ಹೋಗಿ ಟವರ್ ಬ್ಯಾಟ್ರಿ ಮೇಲೆ ಓಡೋವಾಗ ಜಾಸ್ತಿ ಕರೆಂಟ್ ತಿನ್ನೋ ಲೇಯರ್‌ಗಳು ಮೊದ್ಲು ಆಫ್ ಆಗೋ ಹಾಗೆ ಸಾಮಾನ್ಯವಾಗಿ ಸೆಟ್ ಮಾಡಿರ್ತಾರೆ, ಕೊನೇವರೆಗೂ ಉಸಿರಾಡೋದು ಹೆಚ್ಚಾಗಿ 2ಜಿನೇ. ಹೊಳೆಗೆ ಸೇತುವೆ ಆದ ಮೇಲೂ ಊರೋರು ಕಾಲುಸಂಕ ಕೀಳಲ್ವಲ್ಲ, ಹಾಗೆ. ಬೆಂಗ್ಳೂರಲ್ಲಿರೋ ನಿಮ್ಮ ಫೋನಲ್ಲಿ ಬೇಕಾದ್ರೆ 2ಜಿ ಆಫ್ ಮಾಡ್ಕೊಳ್ಳಿ, ನಕಲಿ 2ಜಿ ಟವರ್ ಇಟ್ಟು ಮೋಸದ ಮೆಸೇಜ್ ಕಳ್ಸೋರ ಕಾಟ ತಪ್ಪತ್ತೆ, ಹೊಸ ಆಂಡ್ರಾಯ್ಡಲ್ಲಿ ಅದಕ್ಕೇ ಒಂದು ಬಟನ್ ಇದೆ. ಒಂದೇ ಸೆಟ್ಟಿಂಗು, ನಿಮಗೆ ಒಳ್ಳೇದು, ಅಪ್ಪಂಗೆ ಅಪಾಯ.

ಕಂಪ್ಲೇಂಟ್ ಕೊಡೋವಾಗ ‘ನೆಟ್‌ವರ್ಕ್ ಸರಿ ಇಲ್ಲ’ ಅಂತ ಬರೀಬೇಡಿ, ಅದು ಸೀದಾ ಕ್ಲೋಸ್ ಆಗತ್ತೆ. ‘ಈ ಜಾಗದಲ್ಲಿ 4ಜಿ ಬಳಸೋ ಮಟ್ಟದಲ್ಲಿದೆ, ಆಟೋದಲ್ಲಿ ಇಟ್ರೆ ಫೋನು 2ಜಿಯಲ್ಲೇ ಉಳೀತಿದೆ’ ಅಂತ ಬರೀರಿ, ಆ ಗುಪ್ತ ಮೆನುವಲ್ಲಿ ಕಾಣೋ ಸಿಗ್ನಲ್ ನಂಬರಿನ ಸ್ಕ್ರೀನ್‌ಶಾಟ್ ಹಾಕಿ, ಅಂಗಳದಲ್ಲಿ ಒಂದು, ತೋಟದಲ್ಲಿ ಒಂದು. ಆ ಸಾಲು ಓದಿದ ಇಂಜಿನಿಯರಿಗೆ ಯಾವ ನಂಬರ್ ತಿದ್ಬೇಕು ಅಂತ ಕೂತಲ್ಲೇ ಗೊತ್ತಾಗತ್ತೆ. ಮತ್ತೆ ಯಾವತ್ತಾದ್ರೂ ಸಿಮ್ ಬದ್ಲಾಯಿಸೋದೇ ಆದ್ರೆ ಬ್ಯಾಂಕ್ ಕೆಲ್ಸ ಇಲ್ಲದ ದಿನ ನೋಡ್ಕೊಳ್ಳಿ, ಹೊಸ ಸಿಮ್ ಆನ್ ಆದ ಮೇಲೆ 24 ಗಂಟೆ ಮೆಸೇಜ್ ಬರಲ್ಲ, ಒಟಿಪಿನೂ ಬರಲ್ಲ.